ಬೂದಿಯ ದಿಬ್ಬಗಳೂ ವಿದ್ಯಾವಂತರ ಅನಾದರವೂ

ಗಬ್ಬೂರಿಗೆ ಬಂದ ಪರಸ್ಥಳದವರಿಗೆ ಆ ಊರಿನ ಗೃಹಸ್ಥರು ತೋರಿಸುವ ವಸ್ತುಗಳು ಬಹುಕಾಲದಿಂದ ನಿಯತವಾಗಿವೆ. ಹಳೆಯ ಗುಡಿಗಳು, ಗುಡಿಗಳ ಬಳಿಯ ಶಿಲಾಶಾಸನಗಳು, ಬೂದಿ ಬಸವೇಶ್ವರರ ಮಠ. ಇವಿಷ್ಟನ್ನು ತೋರಿಸಿದ ಮೇಲೆ ಊರಿನ ಪ್ರಾಚೀನತೆಯನ್ನು ಸಾಧಿಸಿದಂತಾಯಿತೆಂದು ಅವರ ಭಾವನೆ. ಇದರಲ್ಲಿ ಆಕ್ಷೇಪಿಸತಕ್ಕುದೇನೂ ಇಲ್ಲ. ಹಳಗನ್ನಡದ ಕಲ್ಲನ್ನು ಓದಬಲ್ಲವರು ಊರಿಗೆ ಒಬ್ಬಿಬ್ಬರಾದರೂ ಉಳಿದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಕಲ್ಲುಗಳನ್ನು ನಿಲ್ಲಿಸುವುದಕ್ಕೆ ಮೂರು ಸಾವಿರ ವರ್ಷಗಳ ಮುಂಚೆ ಈ ಎಡೆದೊರೆ ಸೀಮೆಯಲ್ಲಿ ಯಾರಿದ್ದರು, ಏನು ಉಂಡರು, ರಾತ್ರಿ ಎಲ್ಲಿ ಮಲಗಿದರು ಎಂದು ಯಾರಾದರೂ ಕೇಳಿದರೆ ಎರಡೇ ಉತ್ತರಗಳು ಬರುತ್ತವೆ. ಒಂದು ಪಕ್ಷದವರು, ಋಷಿಗಳಿದ್ದರು, ಯಜ್ಞಗಳನ್ನು ಮಾಡುತ್ತಿದ್ದರು, ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಯಾರೋ ಕಾಡುಜನರಿದ್ದಿರಬೇಕು, ಅದರಿಂದ ಆಗಬೇಕಾದುದೇನು, ಎನ್ನುತ್ತಾರೆ. ಮೊದಲನೆಯವರು ಆಸ್ತಿಕರೆಂದೂ ಎರಡನೆಯವರು ವಿಚಾರವಂತರೆಂದೂ ಎನಿಸಿಕೊಳ್ಳುತ್ತಾರೆ. ನೆಲವನ್ನು ನೋಡದೆ ಮಾತನಾಡುವುದರಲ್ಲಿ ಮಾತ್ರ ಉಭಯ ಪಕ್ಷಗಳಿಗೂ ಪೂರ್ಣವಾದ ಐಕಮತ್ಯವಿದೆ.

ನೆಲವನ್ನು ನೋಡಿದವರಿಗೆ ಕಾಣುವುದು ಬೂದಿಯ ದಿಬ್ಬ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿಯೂ, ಅದಕ್ಕೆ ಹೊಂದಿದ ಸುರಪುರ ಬಳ್ಳಾರಿ ಪ್ರಾಂತಗಳಲ್ಲಿಯೂ, ಪಕ್ಕದ ತೆಲುಗು ನೆಲದಲ್ಲಿಯೂ ಇಂತಹ ದಿಬ್ಬಗಳು ನೂರಕ್ಕೂ ಹೆಚ್ಚಾಗಿ ಗೊತ್ತಾಗಿವೆ. ಲಿಂಗಸುಗೂರು ಕಡೆಯ ಗೌಡೂರು, ಸುರಪುರದ ಕಡೆಯ ಕೊಡೇಕಲ್ಲು ಮತ್ತು ಬೂದಿಹಾಳ, ಬಳ್ಳಾರಿಯ ಬಳಿಯ ಕುಪ್ಪಗಲ್ಲು, ಕುಡತಿನಿ, ಇವು ಪಂಡಿತರ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. ಕೆಲವು ದಿಬ್ಬಗಳು ಆಳೆತ್ತರವಾಗಿವೆ, ಕೆಲವು ಅದರ ಹಲವು ಪಾಲು ಎತ್ತರವಾಗಿವೆ. ಒಂದೆಡೆಯಲ್ಲಿ ಕೈಯಿಂದ ಕೆದರಿದರೆ ಉದುರುವಷ್ಟು ಮೃದುವಾದ ಬೂದಿ. ಅದರ ಪಕ್ಕದಲ್ಲಿಯೇ ಗಾಜಿನಂತೆ ಕರಗಿ ಗಡುಸಾಗಿ ತೂತು ತೂತಾದ ಕಿಟ್ಟ. ಸುತ್ತಲೂ ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಯ ಚೂರುಗಳು, ದನದ ಎಲುಬುಗಳು, ಬೀಸಿ ಬೀಸಿ ಗುಳಿಬಿದ್ದ ಕಲ್ಲುಗಳು, ಕರಿಯ ಕಲ್ಲನ್ನು ಉಜ್ಜಿ ನುಣುಪುಗೊಳಿಸಿದ ಕೊಡಲಿಗಳು.

ಇವುಗಳಿಗೆ ಜನರು ಕಥೆಗಳನ್ನು ಕಟ್ಟಿರುವುದು ಸಹಜ. ಕುಡತಿನಿಯ ದಿಬ್ಬವು ಭೀಮನು ಕೊಂದ ಹಿಡಿಂಬನ ಬೂದಿಯಂತೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವು ವಾಲಿಯನ್ನು ದಹಿಸಿದ ಸ್ಥಳವಂತೆ. ಈ ಕಥೆಗಳನ್ನು ಹೇಳುವ ಮುದುಕಿಯರ ಮೇಲೆ ಯಾರೂ ಸಿಟ್ಟಾಗಬೇಕಾದುದಿಲ್ಲ. ಅವರು ದಿಬ್ಬವನ್ನು ಕಂಡರು, ಅದು ಬೂದಿಯೆಂದು ಗುರುತಿಸಿದರು, ಇಷ್ಟೊಂದು ಬೂದಿಯಾಗಬೇಕಾದರೆ ಸುಟ್ಟ ವಸ್ತು ಬಲು ದೊಡ್ಡದಾಗಿರಬೇಕೆಂದು ಊಹಿಸಿದರು. ಕಣ್ಣು ತೆರೆದು ನೋಡಿದವರ ಊಹೆ ಅದು. ಸಿಟ್ಟಿಗೆ ಪಾತ್ರರಾಗತಕ್ಕವರು, ಪುಸ್ತಕ ಓದಿಯೂ ಅದೇ ಊಹೆಗೆ ಸಂಸ್ಕೃತದ ಮಡಿ ಉಡಿಸಿ ಸಭೆಗೆ ತರುವವರು.

ಈ ಮಾತು ಚೆನ್ನಾಗಿ ಮನಸ್ಸಿಗೆ ಹತ್ತಬೇಕಾದರೆ ಬಹುದೂರದ ಒಂದು ದೇಶದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಸ್ವಿಟ್ಜರ್ಲೆಂಡ್ ದೇಶದಲ್ಲಿ ಜೂರಿಚ್ ಎಂಬ ಪಟ್ಟಣದ ಬಳಿ ಅದೇ ಹೆಸರಿನ ದೊಡ್ಡ ಸರೋವರವಿದೆ. 1853-54ರ ಚಳಿಗಾಲದಲ್ಲಿ ಅದರ ನೀರು ಅಪೂರ್ವವಾಗಿ ಇಳಿದುಹೋಯಿತು. ದಡದ ಓಬರ್‌ಮೈಲೆನ್ ಎಂಬ ಹಳ್ಳಿಯವರು ಇದೇ ಸಮಯವೆಂದು ಬಯಲಾದ ನೆಲಕ್ಕೆ ಗೋಡೆ ಕಟ್ಟಿ, ಕೆಸರನ್ನು ತೋಡಿ ತುಂಬಿ, ತಮ್ಮ ತೋಟಗಳನ್ನು ವಿಸ್ತರಿಸಲು ತೊಡಗಿದರು. ತೋಡುವಾಗ ಸಾಲು ಸಾಲಾಗಿ ನೆಟ್ಟ ಮರದ ಗೂಟಗಳು, ಕಲ್ಲಿನ ಕೊಡಲಿಗಳು, ಜಿಂಕೆಯ ಕೊಂಬಿನ ಉಪಕರಣಗಳು ಸಿಕ್ಕಿದವು. ಆ ಊರಿನ ಶಾಲೆಯ ಉಪಾಧ್ಯಾಯ ಯೋಹಾನೆಸ್ ಎಪ್ಲಿ ಎಂಬಾತನು ಇವು ಸಾಮಾನ್ಯವಾದ ವಸ್ತುಗಳಲ್ಲವೆಂದು ತಿಳಿದು ಜೂರಿಚ್ಚಿನ ಪ್ರಾಕ್ತನ ಸಂಶೋಧಕರ ಸಂಘಕ್ಕೆ ಸುದ್ದಿ ಕಳುಹಿಸಿದನು. ಆ ಸಂಘವನ್ನು 1832ರಲ್ಲಿ ಸ್ಥಾಪಿಸಿದ ಫರ್ಡಿನಂಡ್ ಕೆಲ್ಲರನು ಬಂದು ನೋಡಿ, ಅದೇ 1854ರಲ್ಲಿಯೇ ವರದಿಯನ್ನು ಅಚ್ಚು ಮಾಡಿಸಿದನು. ಚರಿತ್ರೆಗೆ ಹಿಂದಿನ ಕಾಲದ ಸರೋವರವಾಸಿಗಳೆಂಬ ಹೆಸರು ಯುರೋಪಿನಲ್ಲೆಲ್ಲ ಹಬ್ಬಿದುದು ಹೀಗೆ. ವಾಚಕರು ಇಲ್ಲಿ ಒಂದನ್ನು ಲಕ್ಷಿಸಬೇಕು. ಗೂಟವನ್ನು ಮೊದಲು ಕಂಡವರು ಹೊಲದ ಕೆಲಸದವರು. ಅದರ ಬೆಲೆ ತಿಳಿದವನು ಹಳ್ಳಿಯ ಉಪಾಧ್ಯಾಯನು. ಅದನ್ನು ಕೇಳಿಸಿಕೊಂಡುದು ಒಂದು ಪ್ರಾಂತದ ಸಂಘ. ಸರಕಾರವೂ ವಿಶ್ವವಿದ್ಯಾಲಯವೂ ಬಂದುದು ಆಮೇಲೆ.

ಕೆಲ್ಲರನು ತಪ್ಪನ್ನೂ ಮಾಡಿದನು. ನ್ಯೂಗಿನಿ ದ್ವೀಪದಲ್ಲಿ ಕಡಲ ನೀರಿನ ಮೇಲೆ ಅಟ್ಟ ಕಟ್ಟಿಕೊಂಡು ವಾಸಿಸುವ ಜನರ ಚಿತ್ರಗಳು ಯಾತ್ರಿಕರ ಗ್ರಂಥಗಳಲ್ಲಿ ಬಂದಿದ್ದವು. ಅವನ್ನು ಕಂಡಿದ್ದ ಕೆಲ್ಲರನು, ಜೂರಿಚ್ಚಿನ ಪೂರ್ವಿಕರೂ ಹಾಗೆಯೇ ಸರೋವರದ ನಡುವೆ ಒಂದೇ ದೊಡ್ಡ ಅಟ್ಟ ಹಾಕಿ ಅದರ ಮೇಲೆ ಊರು ಕಟ್ಟಿಕೊಂಡಿದ್ದರೆಂದು ಬರೆದುಬಿಟ್ಟನು. ಚಿತ್ರಕಾರರು ಆ ಊರನ್ನು ಬರೆದರು, ಶಾಲೆಯ ಮಕ್ಕಳು ಅದನ್ನು ಕಲಿತರು, ದೇಶಾಭಿಮಾನಿಗಳು ಅದನ್ನು ಕುರಿತು ಹೆಮ್ಮೆಪಟ್ಟರು. ಎಪ್ಪತ್ತು ವರ್ಷಗಳವರೆಗೆ ಅದೇ ಸಿದ್ಧಾಂತವಾಗಿ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಸಂಶಯಪಡತೊಡಗಿದರು. 1940ರ ದಶಕದಲ್ಲಿ ಓಸ್ಕರ್ ಪಾರೆಟ್, 1950ರ ದಶಕದಲ್ಲಿ ಎಮಿಲ್ ಫೋಗ್ಟ್, ಇವರು ಆ ಮನೆಗಳು ನೀರಿನ ಮೇಲಲ್ಲ, ದಡದ ಜವುಗು ನೆಲದ ಮೇಲೆ ಇದ್ದವೆಂದು ವಾದಿಸಿದರು. ಸರೋವರವು ಕಾಲಾಂತರದಲ್ಲಿ ಏರಿ ಅವನ್ನು ಮುಚ್ಚಿತೆಂದರು. ಅನಂತರ ನೀರಿನಲ್ಲಿ ಮುಳುಗಿ ಅಗೆಯುವ ವಿದ್ಯೆ ಬಂದ ಮೇಲೆ, ಕೆಲವು ಮನೆಗಳು ನೆಲದ ಮೇಲೆಯೇ ಇದ್ದವು, ಕೆಲವನ್ನು ನೆರೆಯ ಭಯದಿಂದ ಗೂಟಗಳ ಮೇಲೆ ಎತ್ತಿ ಕಟ್ಟಿದ್ದರು, ಎಂದು ನಿರ್ಣಯವಾಯಿತು. ಗಾಳಿ ಸೋಕದ ಕೆಸರಿನಲ್ಲಿ ಮರವು ಕೊಳೆಯುವುದಿಲ್ಲವಾದುದರಿಂದ ಆ ಗೂಟಗಳ ವಾರ್ಷಿಕ ವಲಯಗಳನ್ನು ಎಣಿಸಿ, ಇಂತಹ ಮರವನ್ನು ಇಂತಹ ವರ್ಷದಲ್ಲಿಯೇ ಕಡಿದರೆಂದು ಈಗ ಹೇಳಬಲ್ಲರು. 2011ರಲ್ಲಿ ಆರು ದೇಶಗಳ ಇಂತಹ 111 ಸ್ಥಳಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಜೂರಿಚ್ಚಿನವರ ತಪ್ಪು ಚಿತ್ರವನ್ನು ಯಾರೂ ಹಳಿಯಬೇಕಾದುದಿಲ್ಲ. ಗೂಟಗಳನ್ನು ಉಳಿಸಿಕೊಂಡಿದ್ದರಿಂದ ಅವರಿಗೆ ತಪ್ಪನ್ನು ತಿದ್ದಿಕೊಳ್ಳುವುದು ಸಾಧ್ಯವಾಯಿತು. ರಾಯಚೂರು ಸೀಮೆಯವರು ತಪ್ಪು ಚಿತ್ರವನ್ನು ಉಳಿಸಿಕೊಂಡು ಗೂಟವನ್ನು ಬಂಡಿಗೆ ಹೇರಿ ಕಳುಹಿಸುತ್ತಿದ್ದಾರೆ.

ಇಲ್ಲಿ ಕಾಣುವವರಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಓಬರ್‌ಮೈಲೆನ್ನಿನ ಕೆಸರಿನಲ್ಲಿ ಮೊದಲ ಗೂಟ ಕಾಣುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ, 1842ರಲ್ಲಿ, ಲಿಂಗಸುಗೂರಿನಲ್ಲಿ ಪ್ರಿಮ್ರೋಸ್ ಎಂಬ ವೈದ್ಯನು ಕಲ್ಲಿನ ಅಲಗುಗಳನ್ನು ಹೆಕ್ಕಿದ್ದನು. 1843ರಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿಯು ಬಳ್ಳಾರಿ ಪ್ರಾಂತದ ಬೂದಿದಿಬ್ಬಗಳನ್ನು ಕುರಿತು ಲೇಖನವನ್ನೇ ಪ್ರಕಟಿಸಿದ್ದನು. ಆಮೇಲೆ ಬಂದ ರಾಬರ್ಟ್ ಬ್ರೂಸ್ ಫೂಟನು ಭೂಗರ್ಭ ಇಲಾಖೆಯ ಕೆಲಸಕ್ಕಾಗಿ ಊರೂರು ತಿರುಗುತ್ತ ಈ ಸೀಮೆಯ ಕಲ್ಲಿನ ಆಯುಧಗಳನ್ನು ರಾಶಿಯಾಗಿ ಸಂಗ್ರಹಿಸಿದನು. ಬೂದಿಯ ಮೂಲವು ದನದ ಸಗಣಿಯೆಂದೂ, ಮುಳ್ಳುಬೇಲಿಯ ದೊಡ್ಡಿಗಳಲ್ಲಿ ಕೂಡಿದ ಸಗಣಿಯು ಸುಟ್ಟು ಹೀಗಾಗಿದೆಯೆಂದೂ ಅವನು ಹೇಳಿದನು. ಈ ಮಾತನ್ನು ಬಹುಜನರು ಒಪ್ಪಲಿಲ್ಲ. ಕಬ್ಬಿಣ ಕರಗಿಸಿದ ಕಿಟ್ಟವೆಂದರು ಕೆಲವರು; ಚಿತಾಭಸ್ಮವೆಂದರು ಕೆಲವರು; ಅಗ್ನಿಪರ್ವತದ ಕೆಲಸವಾಗಿರಬಹುದೇ ಎಂಬ ಶಂಕೆಯೂ ಒಮ್ಮೆ ಹುಟ್ಟಿತ್ತು. ಫೂಟನು 1912ರಲ್ಲಿ ತೀರಿಕೊಂಡನು. ಅವನ ಮಾತು ನಿಜವೆಂದು ತೀರ್ಮಾನವಾಗಲು ಇನ್ನೂ ಸುಮಾರು ಅರ್ಧ ಶತಮಾನ ಬೇಕಾಯಿತು.

ತೀರ್ಮಾನವಾದ ರೀತಿಯನ್ನು ತುಸು ನೋಡಬೇಕು. ಫ್ರಾಂಕ್ ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು 1951-52ರಲ್ಲಿ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಅಗೆದರು; 1957ರಲ್ಲಿ, ಆಗ ಮಹಬೂಬನಗರ ಜಿಲ್ಲೆಗೆ ಸೇರಿದ್ದ ಉತನೂರಿನ ಬೂದಿದಿಬ್ಬವನ್ನು ಕೊಯ್ದು ನೋಡಿದರು. ದಿಬ್ಬದ ಹೊಟ್ಟೆಯಲ್ಲಿ ಕಂಡುದೇನೆಂದರೆ, ತಾಳೆಯ ಮರದ ಬೊಡ್ಡೆಗಳನ್ನು ಒತ್ತೊತ್ತಾಗಿ ನೆಟ್ಟು ಮಾಡಿದ ಬೇಲಿಗಳ ಗುರುತು. ಇಲ್ಲಿಯ ಮಣ್ಣು ಜೂರಿಚ್ಚಿನ ಕೆಸರಲ್ಲ, ಮರವು ಉಳಿಯಲಿಲ್ಲ. ಮರ ನಿಂತಿದ್ದ ಗುಣಿ ಮಾತ್ರ ಉಳಿಯಿತು. ಗುಣಿಯೆಂದರೆ ಬರಿದಾದ ತೂತು ಎಂದು ತಿಳಿಯಬಾರದು. ಮೇಲಿನಿಂದ ನಯವಾಗಿ ಕೆರೆದಾಗ ಸುತ್ತಲಿನ ಮಣ್ಣಿಗಿಂತ ಬೇರೆ ಬಣ್ಣದ ಒಂದು ದುಂಡನೆಯ ಕಲೆ, ಅಷ್ಟೆ. ಅಂತಹ ಕಲೆಗಳ ಸಾಲನ್ನು ಹಿಡಿದು ಬೇಲಿಯ ಆಕಾರವನ್ನು ಬರೆದರು. ಹೊರಗೊಂದು ಆವರಣ, ಒಳಗೊಂದು ದೊಡ್ಡಿ. ದೊಡ್ಡಿಯಲ್ಲಿ ಸಗಣಿ ಕೂಡಿ, ಸುಟ್ಟು, ಬೇಲಿ ಮತ್ತೆ ಎದ್ದು, ಮತ್ತೆ ಸಗಣಿ ಕೂಡಿ, ಮತ್ತೆ ಸುಟ್ಟು, ಹೀಗೆ ಪದರದ ಮೇಲೆ ಪದರ. ಒಂದು ಪದರದ ಮೇಲ್ಮೈಯಲ್ಲಿ ದನಗಳ ಗೊರಸಿನ ಗುರುತುಗಳು ಹಾಗೆಯೇ ಅಚ್ಚೊತ್ತಿ ನಿಂತಿದ್ದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಬೂದಿಯ ಮೇಲೆ ನಡೆದ ದನದ ಹೆಜ್ಜೆ! ಇದಾದ ಮೇಲೆ ಲಂಡನ್ ವಿಶ್ವವಿದ್ಯಾಲಯದ ಝಾಯ್ನರರು ದಿಬ್ಬಗಳ ಬೂದಿಯನ್ನು ರಾಸಾಯನಿಕವಾಗಿಯೂ ಸೂಕ್ಷ್ಮದರ್ಶಕದಿಂದಲೂ ಪರೀಕ್ಷಿಸಿ, ಇದು ಸಗಣಿಯ ಬೂದಿಯೇ ಸರಿಯೆಂದು 1960ರ ಸುಮಾರಿಗೆ ಪ್ರಕಟಿಸಿದರು. ಹುಲ್ಲಿನಲ್ಲಿರುವ ಮರಳಿನ ಅಂಶವು ಸಗಣಿಯಲ್ಲಿ ಉಳಿದು, ಬೆಂಕಿಯ ತಾಪ ಬಲವಾದಾಗ ಕರಗಿ ಗಾಜಾಗುತ್ತದೆ. ಕಿಟ್ಟವೆಂದು ಭ್ರಮೆಗೊಳಿಸಿದ ವಸ್ತು ಇದೇ.

ಈಗ ಯಜ್ಞವಾದಿಗಳ ಕಡೆಗೆ ತಿರುಗೋಣವಾಗಲಿ. ಅವರ ವಾದವನ್ನು ಪರಕೀಯರ ಗ್ರಂಥಗಳಿಂದ ಖಂಡಿಸುವ ಅವಶ್ಯಕತೆಯಿಲ್ಲ, ಶ್ರೌತಶಾಸ್ತ್ರವೇ ಸಾಕು. ಯಜ್ಞದ ಅಗ್ನಿಗೆ ಇಂಧನವು ಸಮಿತ್ತು. ಪಾಲಾಶ, ಅಶ್ವತ್ಥ, ಖದಿರ, ಶಮಿ ಎಂದು ಮರವನ್ನು ಆರಿಸಿ ಹೇಳಿರುವ ಶಾಸ್ತ್ರವು, ದನದ ದೊಡ್ಡಿಗೆ ಬೇಲಿಸಹಿತ ಬೆಂಕಿಯಿಡು ಎಂದು ಎಲ್ಲಿ ಹೇಳಿದೆ? ವೇದಿಯ ಅಳತೆಯಲ್ಲಿ ಅಂಗುಲ ತಪ್ಪದಂತೆ ಶುಲ್ಬಸೂತ್ರಗಳು ಹಗ್ಗ ಹಿಡಿದು ನಿಲ್ಲುತ್ತವೆ. ಈ ದಿಬ್ಬಗಳಲ್ಲಿ ವೇದಿಯ ಇಟ್ಟಿಗೆ ಯಾವ ಅಗೆತದಲ್ಲಿ ಸಿಕ್ಕಿತು? ಅಗ್ನಿಚಯನದಲ್ಲಿ ಕೂಡಿದ ಬೂದಿಗೂ ವಿಧಿಯಿದೆ, ಅದನ್ನು ನೀರಿಗೆ ಬಿಡಬೇಕು. ಬೂದಿಯನ್ನು ಆನೆಯೆತ್ತರ ಒಟ್ಟಿಕೊಂಡು ಕುಳಿತ ಋಷಿಗಳನ್ನು ಯಾವ ಕಲ್ಪಸೂತ್ರವೂ ಅರಿಯದು. ಗೋಮಯವನ್ನು ಶಾಸ್ತ್ರವು ನೆಲ ಸಾರಿಸುವುದಕ್ಕೆ ಹೇಳಿದೆ. ಆದುದರಿಂದ ಬೂದಿದಿಬ್ಬವನ್ನು ಯಜ್ಞಕುಂಡವೆನ್ನುವವನು ಮೊದಲು ಅವಮಾನಪಡಿಸುವುದು ಯಜ್ಞವನ್ನು. ಪೂರ್ವಪಕ್ಷವನ್ನು ಸರಿಯಾಗಿ ಹೇಳಲಾರದವನು ಸಿದ್ಧಾಂತಕ್ಕೆ ಬರಬಾರದೆಂಬ ಪಾಠಶಾಲೆಯ ಮೊದಲನೆಯ ಮರ್ಯಾದೆಯೂ ಇವರಿಗೆ ಮರೆತುಹೋದಂತಿದೆ.

ಎರಡನೆಯ ಪಕ್ಷದವರಾದ ವಿಚಾರವಂತರು ಇನ್ನೂ ಕಠಿಣರು. ಸಗಣಿಯೆಂದು ನಿರ್ಣಯವಾಯಿತಲ್ಲ, ಇನ್ನು ಸಗಣಿಯಲ್ಲಿ ನೋಡುವುದೇನು, ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ಇವರು ಬೆಳಗ್ಗೆ ಎದ್ದು ಹಣೆಗೆ ಧರಿಸುವ ವಿಭೂತಿ ಯಾವುದರಿಂದ ಆದುದು? ಸಂಪ್ರದಾಯದಂತೆ ಆಕಳ ಸಗಣಿಯನ್ನು ಉಂಡೆಮಾಡಿ ಒಣಗಿಸಿ ಸುಟ್ಟು ಸೋಸಿ ಮಾಡಿದುದು ತಾನೆ? ಬೂದಿ ಬಸವೇಶ್ವರರ ಹೆಸರು ಹೇಳಿ ಕೈಮುಗಿಯುವ ಊರಿನಲ್ಲಿಯೂ ಸಗಣಿಯ ಬೂದಿ ಕನಿಷ್ಠವೆಂಬ ಮಾತು ಹುಟ್ಟಬಹುದಾದರೆ ಅದಕ್ಕೆ ಏನೆನ್ನಬೇಕು! ಹೋಗಲಿ, ಮಡಿಯ ಮಾತನ್ನು ಬಿಟ್ಟು ಮಾತಿನ ಮಡಿಯನ್ನೇ ನೋಡೋಣವೆಂದರೆ, ವಿದ್ವಾಂಸರು ಕೂಡುವ ಸಭೆಗೆ ಗೋಷ್ಠಿಯೆಂಬ ಹೆಸರು ಎಲ್ಲಿಂದ ಬಂತು? ಗೋಷ್ಠದಿಂದ, ಅಂದರೆ ದನಗಳು ನಿಲ್ಲುವ ಹಟ್ಟಿಯಿಂದ. ಕುಲೀನತೆಯ ಪ್ರಮಾಣವಾಗಿ ಎಲ್ಲರೂ ಉಚ್ಚರಿಸುವ ಗೋತ್ರ ಶಬ್ದಕ್ಕೆ ಋಗ್ವೇದದ ಕಾಲದಲ್ಲಿದ್ದ ಅರ್ಥವೇನು? ದನದ ದೊಡ್ಡಿಯೆಂದು. ಹೀಗೆ ದೊಡ್ಡಿಯ ಹೆಸರನ್ನು ಹೇಳಿಕೊಂಡು ವರಪೂಜೆಗೆ ಕೂಡುವವರು ದೊಡ್ಡಿಯನ್ನು ಕಂಡು ಹೇಸುವುದು ವಿನೋದವಾಗಿದೆ.

ಇನ್ನೂ ಒಂದು ಸ್ವಾರಸ್ಯವಿದೆ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ, ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಗೋಷ್ಠ ಶಬ್ದದಿಂದ ಗೌಷ್ಠೀನ ಎಂಬ ರೂಪವನ್ನು ಸಾಧಿಸುವ ಸೂತ್ರವೊಂದುಂಟು. ಅರ್ಥವೇನೆಂದರೆ, ಈಗ ದೊಡ್ಡಿಯಾಗಿಲ್ಲ, ಆದರೆ ಹಿಂದೆ ದೊಡ್ಡಿಯಾಗಿದ್ದ ಸ್ಥಳ. ಹಿಂದೆ ದನ ಕಟ್ಟಿದ ನೆಲವನ್ನು ಅದರ ಮಣ್ಣಿನಿಂದಲೇ ಗುರುತಿಸಿ, ಅದಕ್ಕೊಂದು ಪ್ರತ್ಯೇಕವಾದ ಹೆಸರು ಕೊಡುವಷ್ಟು ವಿವೇಕವು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಣ ವೈಯಾಕರಣನಿಗೆ ಇತ್ತು. ಈ ಸೂತ್ರವನ್ನು ಕಂಠಪಾಠ ಮಾಡಿದವರ ಹಳ್ಳಿಗಳ ಬದಿಯಲ್ಲಿಯೇ ಗೌಷ್ಠೀನಗಳು ಗುಡ್ಡದಂತೆ ನಿಂತಿದ್ದವು. ಉದಾಹರಣೆಗೆ ಬೆರಳು ಚಾಚಿ ತೋರಿಸಿದವರಿಲ್ಲ. ಕನ್ನಡದಲ್ಲಿಯೂ ಶಬ್ದದಾರಿದ್ರ್ಯವಿಲ್ಲ. ಹಟ್ಟಿ, ದೊಡ್ಡಿ, ತುರು, ತುರುಗೊಳ್ ಎಂದು ಈ ನುಡಿಯ ಹಳೆಯ ಸಂಪತ್ತೆಲ್ಲ ದನದ ಸುತ್ತಲೇ ಇದೆ. ದೇವದುರ್ಗ ಲಿಂಗಸುಗೂರು ತಾಲೂಕುಗಳಲ್ಲಿ ದೊಡ್ಡಿಯೆಂದು ಮುಗಿಯುವ ಹೆಸರಿನ ಚಿಕ್ಕ ವಸತಿಗಳು ಎಷ್ಟಿವೆಯೆಂದು ಅಂಚೆಯವನನ್ನು ಕೇಳಿದರೆ ಸಾಕು. ದನಕರುಗಳನ್ನೂ ಕುರಿಗಳನ್ನೂ ಹಿಡಿದುಕೊಂಡು ಹೊಲದ ನಡುವೆ ಬೇಲಿ ಹಾಕಿ ನೆಲಸಿದವರ ವಸತಿಗಳವು. ಅವರೇ ಆ ಪೂರ್ವಿಕರ ಸಾಕ್ಷಾತ್ ಸಂತಾನವೆಂದು ಹೇಳಲು ಆಧಾರವಿಲ್ಲ, ಹೇಳಲೂ ಬಾರದು. ಆದರೆ ಬೇಲಿ ಹೇಗೆ ಕಟ್ಟುತ್ತಾರೆ, ಸಗಣಿ ಎಷ್ಟು ದಿನಕ್ಕೆ ಎಷ್ಟು ಕೂಡುತ್ತದೆ, ಕುಳ್ಳಿನ ಒಟ್ಟಿಗೆ ಬೆಂಕಿ ಬಿದ್ದರೆ ಎಷ್ಟು ದಿನ ಒಳಗೊಳಗೇ ಉರಿಯುತ್ತದೆ ಎಂಬುದನ್ನು ಅವರಲ್ಲಿ ಕೇಳಿ ತಿಳಿಯದ ಪಂಡಿತನು ಬೂದಿದಿಬ್ಬದ ವಿಷಯದಲ್ಲಿ ಬಾಯಿ ತೆರೆಯದಿರುವುದು ಮೇಲು.

ಸಗಣಿಯಲ್ಲಿ ನೋಡುವುದೇನೆಂಬುದಕ್ಕೆ ಬೂದಿಹಾಳವು ಉತ್ತರ ಕೊಟ್ಟಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಲ್ಲಿ ಹಲವು ವರ್ಷ ಅಗೆದು, ಬೂದಿದಿಬ್ಬವು ಒಂಟಿಯಾಗಿರಲಿಲ್ಲ, ಅದಕ್ಕೆ ಹೊಂದಿಕೊಂಡು ಊರೇ ಇತ್ತೆಂದು ತೋರಿಸಿದರು. ಮನೆಗಳ ತಳಪಾಯದ ಕಲ್ಲುಸಾಲುಗಳು, ಮಡಕೆಯಲ್ಲಿಟ್ಟು ಹೂಳಿದ ಎಳೆಯ ಮಕ್ಕಳ ಎಲುಬು, ದನಗಳನ್ನು ಕೊಯ್ದು ಹಂಚುತ್ತಿದ್ದ ಒಂದು ಅಂಗಳ. ಕೊನೆಯ ಮಾತನ್ನು ಕೇಳಿ ಕೆಲವರು ಕಿವಿ ಮುಚ್ಚಿಕೊಳ್ಳುವರು. ಎಲುಬಿನ ಮೇಲೆ ಕಲ್ಲಿನ ಅಲಗಿನ ಗಾಯವಿರುವಾಗ ಕಿವಿ ಮುಚ್ಚಿಕೊಂಡರೆ ಪ್ರಯೋಜನವಿಲ್ಲ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಸುಬ್ಬರಾಯರು ಮೊದಲು ಅಗೆದರು. ಬಹುಕಾಲದ ಮೇಲೆ ರವಿ ಕೋರಿಶೆಟ್ಟರರೂ ಅವರ ಸಂಗಡಿಗರೂ ಮಣ್ಣನ್ನು ನೀರಿನಲ್ಲಿ ತೊಳೆದು ತೇಲಿಬಂದ ಕರಿಕಾದ ಕಾಳುಗಳನ್ನು ಆರಿಸಿದರು. ಹುರುಳಿ, ಹೆಸರು, ಕೊರಲೆ. ಈ ಸೀಮೆಯ ಬಡವನ ಅಡಿಗೆಮನೆಯಲ್ಲಿ ಇಂದಿಗೂ ಇರುವ ಹುರುಳಿಯು ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಇಲ್ಲಿ ಬೇಯುತ್ತಿತ್ತು. ಗೋದಿ, ಜವೆಗೋದಿಗಳು ಉತ್ತರದಿಂದ ಆಮೇಲೆ ಬಂದವು. ಅನ್ನದ ಚರಿತ್ರೆಯು ಅರಸರ ಚರಿತ್ರೆಗಿಂತ ಕಡಿಮೆಯೆಂದು ಹೇಳುವವರು ಒಂದು ದಿನ ಉಪವಾಸವಿದ್ದು ಆಮೇಲೆ ವಾದಕ್ಕೆ ಬರಲಿ.

ವಿದ್ವಾಂಸರಲ್ಲಿಯೂ ಎಲ್ಲ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ಕೂಡಿದ ಸಗಣಿಯನ್ನು ಏಕೆ ಸುಟ್ಟರು? ವರ್ಷಕ್ಕೊಮ್ಮೆ ದನಗಳನ್ನು ಬೆಂಕಿಯ ಬಳಿ ಹಾಯಿಸುವ ಹಬ್ಬದಂತಹ ಆಚರಣೆಯಾಗಿರಬಹುದೆಂದು ಆಲ್ಚಿನ್ನರು ಊಹಿಸಿದರು. ಕಸವನ್ನು ಕಳೆದು ಸ್ಥಳವನ್ನು ಶುಚಿಮಾಡುವ ದಿನಚರಿಯ ಭಾಗವೆಂದು ಪದ್ದಯ್ಯನವರ ಕಡೆಯವರು ಹೇಳಿದರು. ಊರಿನ ಹೆಗ್ಗುರುತಾಗಲೆಂದು ಬೇಕೆಂದೇ ದಿಬ್ಬವನ್ನು ಎತ್ತರಿಸಿದರೆಂಬವರೂ ಇದ್ದಾರೆ. ಉತನೂರಿನಲ್ಲಿ ಬೇಲಿಯೂ ಸುಟ್ಟಿರುವುದನ್ನು ನೋಡಿದರೆ ಬರಿಯ ಕಸದ ವಿಲೇವಾರಿಯೆಂಬುದು ಪೂರ್ತಿಯಾಗಿ ಹೊಂದುವುದಿಲ್ಲ. ದಿನವೂ ಬೇಕಾದ ಬೇಲಿಯನ್ನು ಯಾರೂ ಕಸವೆಂದು ಸುಡರು. ಹಾಗೆಂದು ಹಬ್ಬವೆಂಬುದೂ ಸಿದ್ಧವಾಗಲಿಲ್ಲ. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಇಷ್ಟನ್ನೇ ಹಿಡಿದುಕೊಂಡು, ಸಂಕ್ರಾಂತಿಯು ಐದು ಸಾವಿರ ವರ್ಷದ ಹಬ್ಬವೆಂದು ಭಾಷಣ ಮಾಡುವವರು ಈಗ ಹುಟ್ಟಿಕೊಂಡಿದ್ದಾರೆ. ನಡುವಣ ನಾಲ್ಕು ಸಾವಿರ ವರ್ಷಗಳಲ್ಲಿ ಆ ಕಿಚ್ಚನ್ನು ಯಾರು ಕಾಯ್ದುಕೊಂಡು ಬಂದರೆಂದು ಅವರು ತೋರಿಸಲಿ. ಇವರ ನೆಂಟರೇ ಮತ್ತೊಂದು ಗುಂಪಿನವರು. ಬೂದಿದಿಬ್ಬದವರು ಕನ್ನಡವನ್ನೇ ಆಡುತ್ತಿದ್ದರು, ಆದಕಾರಣ ಕನ್ನಡಕ್ಕೆ ಐದು ಸಾವಿರ ವರ್ಷ, ಎನ್ನುತ್ತಾರೆ. ಅಕ್ಷರವಿಲ್ಲದ 'ಬೂದಿಗೆ ಮಾತಿಲ್ಲ. ದ್ರಾವಿಡ ಭಾಷೆಗಳ ಹಳೆಯ ಶಬ್ದಗಳನ್ನೂ ಹಳೆಯ ಧಾನ್ಯಗಳನ್ನೂ ಒಟ್ಟಿಗೆ ಇಟ್ಟು ಕೆಲವರು ಎಚ್ಚರದಿಂದ ವಿಚಾರ ಮಾಡುತ್ತಿದ್ದಾರೆ; ಆ ಎಚ್ಚರವನ್ನು ಬಿಟ್ಟು ಅವರ ಫಲವನ್ನು ಮಾತ್ರ ಕಸಿದುಕೊಳ್ಳುವುದು ಕನ್ನಡಕ್ಕೆ ಮಾಡುವ ಸೇವೆಯಲ್ಲ. ಹಿರಿತನದ ಜೂಜಿಗೆ ಇಳಿದರೂ ಸೋಲೇ ಸಿಕ್ಕುತ್ತದೆ. ಬೂದಿದಿಬ್ಬಗಳು ಕ್ರಿಸ್ತಪೂರ್ವ ಸುಮಾರು 3000ದಿಂದ ಈಚಿನವು. ಆಲ್ಪ್ಸ್ ಪರ್ವತಗಳ ಸರೋವರದ ದಡದ ಊರುಗಳಲ್ಲಿ ಹಳೆಯವು ಅದಕ್ಕಿಂತ ಸಾವಿರ ವರ್ಷಕ್ಕೂ ಮೊದಲಿನವು. ಇದರಿಂದ ಬೂದಿದಿಬ್ಬದ ಬೆಲೆ ಕೂದಲೆಳೆಯಷ್ಟೂ ತಗ್ಗುವುದಿಲ್ಲ. ತಗ್ಗುವುದು ಜೂಜಾಡುವವರ ಮುಖ.

ಇಷ್ಟು ವಾದ ನಡೆಯುತ್ತಿರುವಾಗ ದಿಬ್ಬಗಳು ಕರಗುತ್ತಿವೆ. ಬೂದಿಯು ಹೊಲಕ್ಕೆ ಒಳ್ಳೆಯದೆಂದು ರೈತರು ತಲೆಮಾರುಗಳಿಂದ ಬಂಡಿಯಲ್ಲಿ ಒಯ್ಯುತ್ತಿದ್ದರು. ಎರಡೆತ್ತಿನ ಬಂಡಿಯು ಒಯ್ದಷ್ಟಕ್ಕೆ ದಿಬ್ಬವು ನೂರು ವರ್ಷ ತಡೆದುಕೊಂಡಿತು. ಈಗ ಟ್ರ್ಯಾಕ್ಟರು ಬಂದಿದೆ, ಮಣ್ಣು ಬಾಚುವ ಯಂತ್ರ ಬಂದಿದೆ. ಆಳೆತ್ತರದ ದಿಬ್ಬವು ವಾರದೊಳಗೆ ಹೊಲದ ಸಮಕ್ಕೆ ಬರುತ್ತದೆ. ಕುಪ್ಪಗಲ್ಲಿನ ಗುಡ್ಡದಲ್ಲಿ ಕರಿಯ ಬಂಡೆಗಳ ಮೇಲೆ ಇಣಿಯೆತ್ತುಗಳ ನೂರಾರು ಚಿತ್ರಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದಗೊಡುವ ಬಂಡೆಗಳೂ ಅಲ್ಲಿವೆ. ಆ ಗುಡ್ಡಕ್ಕೂ ಕಲ್ಲು ಒಡೆಯುವ ಗುತ್ತಿಗೆದಾರರು ಕೈಹಾಕಿದ್ದುಂಟು. ರೈತನನ್ನು ಬಯ್ಯುವುದು ಸುಲಭ; ಅದು ಅನ್ಯಾಯ. ಅವನಿಗೆ ಅದು ಬೂದಿ, ಹೊಲಕ್ಕೆ ಬೇಕಾದ ವಸ್ತು. ಅದು ಬೇರೆ ಏನಾದರೂ ಹೌದೆಂದು ಅವನಿಗೆ ಹೇಳತಕ್ಕ ಜನರಿದ್ದರು. ಊರಿನಲ್ಲಿ ಪತ್ರಿಕೆ ತರಿಸುವ ಮನೆಗಳಿದ್ದವು, ಪುರಾಣ ಹೇಳಿಸುವ ಮಠಗಳಿದ್ದವು, ಮಕ್ಕಳಿಗೆ ಚರಿತ್ರೆ ಕಲಿಸುವ ಶಾಲೆಗಳಿದ್ದವು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಅಶೋಕನ ಶಾಸನವನ್ನು ನೋಡಲು ಮಕ್ಕಳನ್ನು ಕರೆದೊಯ್ಯುತ್ತಾರೆ, ಒಳ್ಳೆಯದು. ಆ ಊರಿನ ನೆಲದಲ್ಲಿಯೇ 1954ರಲ್ಲಿ ಥಾಪರರು ಅಗೆದಾಗ ಅಶೋಕನಿಗಿಂತ ಬಹು ಹಿಂದಿನವರ ಕುರುಹುಗಳು ಕೆಳಪದರಗಳಲ್ಲಿ ಬಂದುವೆಂದು ಅದೇ ಮಕ್ಕಳಿಗೆ ಹೇಳುವವರು ಎಷ್ಟು ಮಂದಿ?

ಶಾಸನವು ಒಡೆದರೂ ಅದರ ಪಡಿಯಚ್ಚು ಎಲ್ಲಿಯಾದರೂ ಇರುತ್ತದೆ. ದಿಬ್ಬಕ್ಕೆ ಪಡಿಯಚ್ಚಿಲ್ಲ. ಬೇಲಿಯ ಗುಣಿಯೆಂಬುದು ಬಣ್ಣ ಬದಲಾದ ಮಣ್ಣು. ಗೊರಸಿನ ಗುರುತೆಂಬುದು ಬೂದಿಯಲ್ಲಿ ಒಂದು ತಗ್ಗು. ಯಂತ್ರದ ಹಲ್ಲು ಒಮ್ಮೆ ಆಡಿದರೆ ಎರಡೂ ಹೋದವು. ಬೂದಿಯನ್ನೆಲ್ಲ ಮರಳಿ ತಂದು ರಾಶಿ ಹಾಕಿದರೂ ಬಾರವು.

ಇಲಾಖೆಯವರು ನೋಡಿಕೊಳ್ಳಲಿ ಎಂಬ ಮಾತೂ ಕೇಳಿಬರುತ್ತದೆ. ಪ್ರಾಚೀನ ಸ್ಮಾರಕಗಳನ್ನು ಕುರಿತ ಶಾಸನವು ಕೇಂದ್ರ ಸರಕಾರದಿಂದ 1958ರಲ್ಲಿಯೂ ರಾಜ್ಯದಿಂದ 1961ರಲ್ಲಿಯೂ ಆಗಿದೆ. ಆದರೆ ಇದೆಯೆಂದೇ ಗೊತ್ತಿಲ್ಲದ ದಿಬ್ಬವನ್ನು ಯಾವ ಶಾಸನವೂ ಕಾಯಲಾರದು. ಓಬರ್‌ಮೈಲೆನ್ನಿನ ಎಪ್ಲಿಯು ಸ್ವತಃ ಗುದ್ದಲಿ ಹಿಡಿದು ಸಂಶೋಧನೆ ಮಾಡಲಿಲ್ಲ. ಸುದ್ದಿ ಕಳುಹಿಸಿದನು, ಅಷ್ಟೆ. ದೇವದುರ್ಗ, ಮಾನವಿ, ರಾಯಚೂರು ತಾಲೂಕುಗಳಲ್ಲಿ ಸಾಹಿತ್ಯಸಂಘದ ಸದಸ್ಯರಿರುವ ಹಳ್ಳಿಗಳು ಬೇಕಾದಷ್ಟಿವೆ. ಉಪಾಧ್ಯಾಯರಿಲ್ಲದ ಹಳ್ಳಿಯಂತೂ ವಿರಳ. ಪ್ರತಿಯೊಬ್ಬನೂ ತನ್ನ ಊರಿನ ಸುತ್ತ ಒಂದು ಹರಿದಾರಿ ತಿರುಗಿ, ಕುರಿ ಕಾಯುವವರನ್ನು ವಿಚಾರಿಸಿದರೆ, ಬೂದಿಯ ನೆಲ ಎಲ್ಲಿದೆಯೆಂದು ಒಂದೇ ದಿನದಲ್ಲಿ ತಿಳಿಯುತ್ತದೆ. ಅಗೆಯಬಾರದು, ಅಗೆಯಲು ಬಾರದವನ ಅಗೆತವು ಟ್ರ್ಯಾಕ್ಟರಿಗಿಂತ ಮೇಲಲ್ಲ. ಹೊಲದ ಸರ್ವೆ ನಂಬರು, ಕೆರೆಗೆ ಯಾವ ದಿಕ್ಕು, ಎತ್ತರ ಎಷ್ಟು ಆಳು, ಬೂದಿ ಒಯ್ಯುತ್ತಿದ್ದಾರೋ ಇಲ್ಲವೋ, ಅಲ್ಲಿ ಸಿಕ್ಕಿದ ನುಣುಪು ಕಲ್ಲುಗಳನ್ನು ಯಾವ ಕಟ್ಟೆಯ ಮೇಲೆ ಇಟ್ಟಿದ್ದಾರೆ, ಇಷ್ಟನ್ನು ಬರೆದರೆ ಒಂದು ಹಾಳೆಯೂ ತುಂಬುವುದಿಲ್ಲ. ಅದರ ಒಂದು ಪ್ರತಿಯನ್ನು ಸಂಘಕ್ಕೂ ಒಂದನ್ನು ರಾಜ್ಯದ ಪುರಾತತ್ತ್ವ ಇಲಾಖೆಗೂ ಕಳುಹಿಸಬೇಕು. ಹೊಲಕ್ಕೆ ಬೂದಿ ಹೊಡೆಯುವುದು ಮುಂಗಾರಿಗೆ ಮುಂಚೆ. ಹಾಳೆಗಳು ಯುಗಾದಿಯೊಳಗೆ ಅಂಚೆಗೆ ಬೀಳಲಿ.